ಹೊಸ ಹಗ್ಗಕ್ಕೆ ಹಳೆಯ ಬಣ್ಣ

ಮುಧೋಳದಲ್ಲೇ ಹುಟ್ಟಿ ಬೆಳೆದು, ಊರ ಹೆಸರಿನ ನಾಯಿಯನ್ನು ಬಿಟ್ಟು ಬೀದಿಯ ನಾಯಿಯನ್ನು ಸಾಕಿದವನು ದಲ್ಲಾಳಿ ಶಿದ್ರಾಮಪ್ಪ. ಹೊರಗಿನವರ ಮುಂದೆ ನಮ್ಮ ಊರ ಹೆಸರು ಹೇಳಿದರೆ ಮೊದಲು ನಾಯಿಯನ್ನು ವಿಚಾರಿಸುತ್ತಾರೆ, ಆಮೇಲೆ ಸಕ್ಕರೆ ಕಾರ್ಖಾನೆಯನ್ನು. ಮನುಷ್ಯರ ಪಾಳಿ ಕೊನೆಗೆ. ಅಂಥ ಊರಲ್ಲಿ ಇವನ ಬೆನ್ನ ಹಿಂದೆ ತಿರುಗುತ್ತಿದ್ದದ್ದು ಮಾಸಿದ ಅರಿಶಿಣ ಬಣ್ಣದ, ಒಂದು ಕಿವಿ ನಿಂತ, ಇನ್ನೊಂದು ಬಿದ್ದ ಹೆಣ್ಣುನಾಯಿ. ಹೆಸರು ಕೊಸರಿ.

ಆ ಹೆಸರು ಬಂದದ್ದು ವ್ಯಾಪಾರದಿಂದಲೇ. ಶಿದ್ರಾಮಪ್ಪ ದನದ ಸಂತೆಯ ದಲ್ಲಾಳಿ. ಹನ್ನೆರಡು ಹದಿಮೂರು ವರ್ಷದ ಹಿಂದೆ ಬೀಳಗಿ ಕಡೆಯ ರೈತನೊಬ್ಬನ ಜೋಡಿ ಎತ್ತಿನ ವ್ಯಾಪಾರ ಕುದುರಿಸುವಾಗ ಎರಡೂ ಕಡೆಯವರು ಜುಜುಬಿ ಮೊತ್ತಕ್ಕೆ ಹಟ ಹಿಡಿದು ಕೂತರು. ಬಿಸಿಲೇರಿತು, ಚಹಾ ಮುಗಿಯಿತು, ಹಟ ಮುಗಿಯಲಿಲ್ಲ. ಕೊನೆಗೆ ಆ ರೈತ ಬೇಸತ್ತು, ಚಕ್ಕಡಿಯ ಕೆಳಗೆ ಮಲಗಿದ್ದ ಮರಿಯೊಂದನ್ನು ಎತ್ತಿ, "ತಗೋರಿ, ಇದನ್ನ ಕೊಸರಂತ ಇಟ್ಕೋರಿ, ನನ್ನ ಬಿಡ್ರಿ" ಎಂದು ಮುಂದೆ ಚಾಚಿದ. ಕಾಯಿಪಲ್ಯೆ ಕೊಂಡವರು ಮೇಲೊಂದು ಹಿಡಿ ಕೊತ್ತಂಬರಿ ಕಸಿದುಕೊಳ್ಳುವುದಿಲ್ಲವೇ, ಹಾಗೆ. ಎತ್ತು ಕೊಂಡವನಿಗೆ ನಾಯಿ ಬೇಡವಾಗಿತ್ತು. ದಲ್ಲಾಳಿಯ ಪಾಲಿಗೆ ಬಂತು.

ನನ್ನ ಅಂಗಡಿ ಸಂತೆಯ ದಾರಿಯಲ್ಲೇ ಇದೆ. ಹಗ್ಗ, ಮೂಗುದಾರ, ಗಂಟೆ, ಗೆಜ್ಜೆಸರ, ಬಾರುಕೋಲು, ಕೊರಳಿಗೆ ಕಟ್ಟುವ ಉಣ್ಣೆಯ ಗೊಂಡೆ, ಇವೇ ನನ್ನ ಸರಕು. ಶಿದ್ರಾಮಪ್ಪ ವ್ಯಾಪಾರ ಮುಗಿಸಿದ ಮೇಲೆ ಎತ್ತು ಕೊಂಡವರು ನೇರ ನನ್ನಲ್ಲಿಗೆ ಬರುತ್ತಾರೆ. ಯಾಕೆಂದರೆ ನಮ್ಮ ಕಡೆ ದನ ಮಾರಿದವನು ಹಗ್ಗ ಮಾರುವುದಿಲ್ಲ. ಎತ್ತನ್ನು ಕೊಟ್ಟು, ಕೊರಳ ಹಗ್ಗ ಬಿಚ್ಚಿಕೊಂಡು ಮನೆಗೆ ಒಯ್ಯುತ್ತಾನೆ. ಹಗ್ಗ ಉಳಿದರೆ ಗೋದಲಿಯ ಲಕ್ಷ್ಮಿ ಉಳಿದಳು, ಆ ಹಗ್ಗಕ್ಕೆ ಇನ್ನೊಂದು ಜೀವ ತಾನಾಗಿ ಬರುತ್ತದೆ. ಹಗ್ಗವನ್ನೂ ಕೊಟ್ಟರೆ ಕೊಟ್ಟಿಗೆ ಬರಿದಾಯಿತು. ಈ ಪದ್ಧತಿ ಯಾರು ಮಾಡಿದರೋ, ಅವರ ಹೊಟ್ಟೆ ತಣ್ಣಗಿರಲಿ. ನನ್ನ ಅಂಗಡಿ ನಿಂತಿರುವುದೇ ಅದರ ಮೇಲೆ.

ಕೊಸರಿ ಸುಮ್ಮನೆ ಅನ್ನ ತಿಂದುಕೊಂಡಿದ್ದ ನಾಯಿಯಲ್ಲ, ಸಂತೆಯಲ್ಲಿ ಅದಕ್ಕೊಂದು ಕೆಲಸವಿತ್ತು. ಎತ್ತು ಒದೆಯುತ್ತದೋ ಇಲ್ಲವೋ ಎಂದು ತಿಳಿಯಬೇಕಾದರೆ ಶಿದ್ರಾಮಪ್ಪ ಕೊಸರಿಯತ್ತ ಒಮ್ಮೆ ನೋಡುತ್ತಿದ್ದ. ಅದು ಎದ್ದು, ಮೈಮುರಿದು, ಎತ್ತಿನ ಹೊಟ್ಟೆಯ ಕೆಳಗೆ ಹಾದು ಹಿಂಗಾಲುಗಳ ನಡುವಿನಿಂದ ಹೊರಬಂದು, ಮತ್ತೆ ಅವನ ಚಪ್ಪಲಿಯ ಪಕ್ಕ ಕೂರುತ್ತಿತ್ತು. ಸುಮ್ಮನೆ ನಿಂತ ಎತ್ತು ಮನೆಗೆ ಯೋಗ್ಯ. ಕಾಲೆತ್ತಿದ ಎತ್ತಿನ ಬೆಲೆ ಅಲ್ಲೇ ಇಳಿಯುತ್ತಿತ್ತು. ಮಾರುವವರು ಬಿಸ್ಕೀಟು ಹಾಕಿ ಅದನ್ನು ಒಲಿಸಿಕೊಳ್ಳಲು ನೋಡುತ್ತಿದ್ದರು. ಅದು ಬಿಸ್ಕೀಟನ್ನೂ ತಿನ್ನುತ್ತಿತ್ತು, ಎತ್ತಿನ ಕೆಳಗೂ ಹೋಗುತ್ತಿತ್ತು. ಇಷ್ಟು ನಿಯತ್ತಿನ ನೌಕರ ನಮ್ಮ ತಾಲೂಕಿನಲ್ಲಿ ಇನ್ನೊಬ್ಬನಿದ್ದರೆ ನನಗಂತೂ ಗೊತ್ತಿಲ್ಲ.

ಕಳೆದ ಕಬ್ಬಿನ ಹಂಗಾಮಿನಲ್ಲಿ ಕೊಸರಿ ಸತ್ತಿತು. ದೊಡ್ಡ ಕಥೆಯೇನಿಲ್ಲ. ವಾಂತಿ ಹತ್ತಿತು, ದನದ ಡಾಕ್ಟರು ಬಂದು ಸೂಜಿ ಮಾಡಿ, "ವಯಸ್ಸಾಗೇತ್ರಿ, ಏನ ಮಾಡಾಕ ಬರ್ತೈತಿ" ಎಂದು ಹೋದರು. ಮರುದಿನ ಬೆಳಿಗ್ಗೆ ಗೋದಲಿಯಲ್ಲಿ ತಣ್ಣಗಾಗಿತ್ತು. ಹೊಲದ ಬದುವಿನ ಬೇವಿನ ಬುಡದಲ್ಲಿ ಶಿದ್ರಾಮಪ್ಪ ತಾನೇ ತಗ್ಗು ತೋಡಿದ. ಪಕ್ಕದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಊರೆಲ್ಲ ಕೇಳುವಂತೆ ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ನಾನೂ ಹೋಗಿದ್ದೆ. ನಾಯಿಯನ್ನು ಇಳಿಸಿದಾಗ ಅದರ ಕೊರಳಲ್ಲಿ ನನ್ನ ಅಂಗಡಿಯದೇ ನೂಲಿನ ಹಗ್ಗ ಕಂಡಿತು.

"ಶಿದ್ರಾಮಣ್ಣ, ಹಗ್ಗಾ ಬಿಚ್ಚಿಲ್ಲೋ" ಎಂದೆ.

ಅವನು ಕೇಳಿಸಿಕೊಂಡನೋ ಇಲ್ಲವೋ. ಮಣ್ಣು ಎಳೆದ.

ಅಲ್ಲಿಂದ ಶುರುವಾಯಿತು ತಾಪತ್ರಯ. ಶಿದ್ರಾಮಪ್ಪ ಸಂತೆಗೆ ಬರುವುದನ್ನು ಬಿಟ್ಟ. ಮೊದಲ ವಾರ ಮೈಯಲ್ಲಿ ಹುಷಾರಿಲ್ಲ ಎಂದ, ಎರಡನೆಯ ವಾರ ಕಾಲು ನೋವು ಎಂದ, ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟ. ಸಂತೆಗೆ ಹೋಗದ ದಲ್ಲಾಳಿ ಮನೆಯಲ್ಲಿ ಸುಮ್ಮನೆ ಕೂರುತ್ತಾನೆಯೇ? ಅವನ ಹೆಂಡತಿ ಭಾಗವ್ವ ಬಾಗಿಲಿಗೆ ಬಂದ ಬದನೆಕಾಯಿಯವಳ ಹತ್ತಿರ ನಾಲ್ಕು ಬದನೆಕಾಯಿ ತೆಗೆದುಕೊಂಡರೆ, ಇವನು ಕಟ್ಟೆಯ ಮೇಲಿಂದ "ಬಾಯಿಗೂಡಿದ ಬದನಿಕಾಯಿ ಅದಾವ, ಬೀಜ ಬಲತಾವ" ಎಂದು, ಹಲ್ಲೆಲ್ಲ ಬಂದು ಹರೆಯ ದಾಟಿದ ಎತ್ತಿಗೆ ಹೇಳುವ ಮಾತನ್ನು ಬದನೆಕಾಯಿಗೆ ಹೇಳಿ ವ್ಯಾಪಾರ ಮುರಿಯುತ್ತಿದ್ದ. ಬದನೆಕಾಯಿಯವಳು ಅವರ ಮನೆಯ ಮುಂದಿನ ದಾರಿ ಬಿಟ್ಟು ಹಿಂದಿನ ಓಣಿಯಲ್ಲಿ ಹೋಗತೊಡಗಿದಳು.

ನನಗೂ ನಷ್ಟವೇ ಆಯಿತು. ಶಿದ್ರಾಮಪ್ಪನ ಜಾಗಕ್ಕೆ ಬಂದ ಹೊಸ ದಲ್ಲಾಳಿಗಳು ಎತ್ತಿನ ಜೊತೆ ನೈಲಾನ್ ಹಗ್ಗವನ್ನೂ ತಾವೇ ಒದಗಿಸುತ್ತಿದ್ದರು. ಹೀಗಾಗಿ ನನ್ನ ಕಾಳಜಿಯಲ್ಲಿ ಗೆಳೆತನ ಎಷ್ಟು, ವ್ಯಾಪಾರ ಎಷ್ಟು ಎಂದು ಯಾರೂ ತೂಗಿ ನೋಡಬಾರದು.

ಒಂದು ಸಂಜೆ ಅವನ ಮನೆಗೆ ಹೋದೆ. ಉಣ್ಣುತ್ತಿದ್ದ. ರೊಟ್ಟಿಯ ಅಂಚನ್ನು ಮುರಿದು ತಾಟಿನ ಬದಿಗೆ ಇಟ್ಟ. ಕೊಸರಿಗೆ ಇಡುತ್ತಿದ್ದ ಪಾಲು ಅದು. ಇಟ್ಟಾದ ಮೇಲೆ ಅದನ್ನು ನೋಡಿದ, ಮುಂದೆ ಉಣ್ಣಲಿಲ್ಲ. ಭಾಗವ್ವ ತಾಟು ಎತ್ತಿದಳು.

"ಇನ್ನೊಂದು ಮರಿ ತಾರೋ ಮಾರಾಯಾ" ಎಂದೆ.

"ಎಲ್ಲಿಂದ ತರ್ಲಿ? ನಾ ಹಗ್ಗಾ ಕೊಟ್ಟ ಕಳಸೀನಿ. ಇನ್ನ ನಮ್ಮ ಮನ್ಯಾಗ ಜೀವ ನಿಂದ್ರಂಗಿಲ್ಲ."

"ಅದು ದನಕ್ಕ ಹೇಳಿದ ಮಾತು, ನಾಯಿಗಲ್ಲ."

"ಹಗ್ಗಕ್ಕೇನ ಗೊತ್ತು, ಕಟ್ಟಿದ್ದು ದನಾನೋ ನಾಯೋ ಅಂತ?"

ಹಗ್ಗ ಮಾರುವವನ ಮುಂದೆ ಹಗ್ಗದ ಶಾಸ್ತ್ರ ಹೇಳಿದರೆ ನಾನೇನು ಉತ್ತರ ಕೊಡಲಿ? ಅದನ್ನು ಅಲ್ಲಗಳೆದರೆ ನಾಳೆ ನನ್ನ ಗಿರಾಕಿಗಳೂ ಅಲ್ಲಗಳೆದಾರು.

ಕೈ ತೊಳೆದು ಬಂದು ಅವನೇ ಅಂದ. "ಖರೆ ಹೇಳ್ತೇನಿ ಸಾವಕಾರ. ಸಂತ್ಯಾಗ ಯಾವ ಎತ್ತ ಬರಲಿ, ಬಾಯಿ ತಗದ ಹಲ್ಲ ನೋಡಿ ವಯಸ್ಸ ಹೇಳ್ತಿದ್ದೆ. ಕೊಸರಿ ಬಾಯಾಗ ಒಂದ ದಿನಾ ಕೈ ಹಾಕ್ಲಿಲ್ಲ. ಡಾಕ್ಟರ್ ತಗದ ತೋರಿಸಿದ್ರು. ಹಿಂದಿನ ಹಲ್ಲ ಒಂದೂ ಇದ್ದಿದ್ದಿಲ್ಲ. ಅಷ್ಟು ದಿನಾ ನಾ ಗಟ್ಟಿ ರೊಟ್ಟೀ ಅಂಚ ಹಾಕಾಕತ್ತಿದ್ದೆ. ಪಾಪ, ನುಂಗತಿತ್ತು."

ಒಳಗೆ ತಾಟು ತೊಳೆಯುವ ಸದ್ದು ನಿಂತಿತ್ತು. ಭಾಗವ್ವ ಕೇಳಿಸಿಕೊಂಡಳೆಂದು ಕಾಣುತ್ತದೆ.

ಮರಿಗಳು ಬರಲಿಲ್ಲವೆಂದಲ್ಲ. ಮೊದಲು ತಂದವನು ಸಂಜಯ. ತೆರಬಂಡಿ ಸ್ಪರ್ಧೆಗೆ ಎತ್ತು ಕಟ್ಟುವ ತರುಣ. ಗಾಲಿ ತಿರುಗದಂತೆ ಕಟ್ಟಿದ ಬಂಡಿಯನ್ನು ಎಳೆಯುವ ಆ ಸ್ಪರ್ಧೆಗೆ ಎತ್ತು ಆರಿಸಲು ಅವನಿಗೆ ಶಿದ್ರಾಮಪ್ಪನ ಕಣ್ಣು ಬೇಕೇ ಬೇಕು. ತಿಮ್ಮಾಪುರದ ಕಡೆಯಿಂದ ಒಂದು ಜಾತಿ ಮರಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದ. ಕಾಲು ಉದ್ದ, ನಡು ಸಣ್ಣ, ಮೂತಿಯಲ್ಲಿ ದೊಡ್ಡ ಮನೆತನದ ಗತ್ತು. ಶಿದ್ರಾಮಪ್ಪ ಅದನ್ನು ಕಟ್ಟೆಯ ಮೇಲೆ ನಿಲ್ಲಿಸಿದ. ಹಲ್ಲು ನೋಡಿದ, ಗೊರಸು ನೋಡುವವನ ಹಾಗೆ ಪಾದ ಎತ್ತಿ ನೋಡಿದ, ಬೆನ್ನ ಮೇಲೆ ಕೈಯಾಡಿಸಿದ. ಆಮೇಲೆ ಕೂದಲ ಸುಳಿ ಹುಡುಕತೊಡಗಿದ.

ಎತ್ತು ಕೊಳ್ಳುವವರು ಸುಳಿ ನೋಡದೆ ಮುಂಗಡ ಕೊಡುವುದಿಲ್ಲ. ಸುಳಿ ಇಂಥ ಕಡೆ ಇದ್ದರೆ ಮನೆ ಏಳಿಗೆ, ಇಂಥ ಕಡೆ ಇದ್ದರೆ ಮನೆಗೆ ಕೇಡು, ಹೀಗೆಲ್ಲ ಲೆಕ್ಕ ಇದೆ. ನಾಯಿಗೆ ಸುಳಿ ನೋಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

"ಎದಿ ಮ್ಯಾಲ ಸುಳಿ ಐತಿ. ಐಬು" ಎಂದ.

"ಕಾಕಾ, ನಾಯಿಗೇನ ಸುಳಿರೀ?" ಸಂಜಯ ನಕ್ಕ. "ಇದರ ಅಪ್ಪ ಓಡಿದ್ರ ಮೊಲಾ ತಿರುಗಿ ನೋಡೂದ್ರಾಗ ಹಿಡೀತೈತಿ."

"ಅಪ್ಪನ ಸುದ್ದಿ ಬ್ಯಾಡ ತಮ್ಮಾ. ಅಪ್ಪನ ಹೆಸರ ಹೇಳಿ ಮಾರೂ ಎತ್ತ ನಾ ಭಾಳ ನೋಡೇನಿ."

ಸಂಜಯ ಮರಿಯನ್ನು ಮತ್ತೆ ಜೀಪಿಗೆ ಹತ್ತಿಸಿದ. ಆಮೇಲೆ ಬಂದ ಮರಿಗೆ ಬಾಲದ ಬುಡದಲ್ಲಿ ಸುಳಿ. ಅದರ ನಂತರ ಬಂದದ್ದಕ್ಕೆ ಸುಳಿಯೇ ಸಿಗಲಿಲ್ಲ. ಸುಳಿ ಇಲ್ಲದಿರುವುದೇ ದೊಡ್ಡ ಐಬು ಎಂದ. ಒಳ್ಳೆಯ ಎತ್ತಿಗೂ ಬೆಲೆ ಇಳಿಸಲು ಗಿರಾಕಿಗಳು ಹೂಡುವ ಉಪಾಯವನ್ನು ಇವನು ತನ್ನ ಮೇಲೆ ತಾನೇ ಹೂಡುತ್ತಿದ್ದ. ಕೊಳ್ಳುವ ಮನಸ್ಸಿಲ್ಲದವನಿಗೆ ಐಬು ಸಿಕ್ಕೇ ಸಿಗುತ್ತದೆ.

ಒಂದು ಮಧ್ಯಾಹ್ನ ಭಾಗವ್ವ ನನ್ನ ಅಂಗಡಿಗೆ ಬಂದಳು. ಸೆರಗಿನಿಂದ ಬೆವರು ಒರೆಸಿಕೊಂಡು, ಕೂರು ಎಂದರೂ ಕೂರದೆ, "ಸಾವಕಾರ್ರ, ಕೊಸರಿಗೆ ಕೊಟ್ಟಿದ್ರಲ್ಲ, ಅಂಥಾದ್ದ ಒಂದ ನೂಲಿನ ಹಗ್ಗಾ ಕೊಡ್ರಿ" ಎಂದಳು.

"ಮರಿ ಬಂತೇನು ವೈನಿ?"

"ಇನ್ನೂ ಇಲ್ಲ. ಹಗ್ಗಾ ಬೇಕು. ಆದ್ರ ಹೊಸಾದ ಬ್ಯಾಡ, ಹಳೇದ ಬೇಕು."

"ಹಳೇ ಹಗ್ಗಾ ನಾ ಎಲ್ಲಿಂದ ತರ್ಲಿ? ನನ್ನದು ಹೊಸಾ ಹಗ್ಗದ ಅಂಗಡಿ."

"ಹೊಸಾದನ್ನ ಹಳೇದ ಮಾಡ್ರಿ. ಸಂತ್ಯಾಗ ಮುದಿ ಎತ್ತಿನ ಕೋಡ ಹೆರದು, ಎಣ್ಣಿ ಹಚ್ಚಿ ಹರೇದ್ದ ಮಾಡ್ತಾರಂತಲ್ಲ. ನಿಮಗ ಇದೊಂದ ಆಗಾಂಗಿಲ್ಲೇನು?"

ಅವಳ ಯೋಜನೆ ಸರಳವಾಗಿತ್ತು. ಕೊಸರಿ ಸಾಯುವ ಹಿಂದಿನ ದಿನ ವಾಂತಿಯಿಂದ ಹಗ್ಗ ಹೊಲಸಾಗಿತ್ತು, ಭಾಗವ್ವ ತಾನೇ ಅದನ್ನು ಬಿಚ್ಚಿ ಬೇರೆ ಹಗ್ಗ ಕಟ್ಟಿದ್ದಳು, ಮಣ್ಣಿಗೆ ಹೋದದ್ದು ಆ ಬೇರೆ ಹಗ್ಗ, ಕೊಸರಿಯದು ಮನೆಯಲ್ಲೇ ಉಳಿದಿದೆ, ಹೀಗೆಂದು ಹೇಳುವುದು. ಹಗ್ಗ ಉಳಿಯಿತೆಂದರೆ ಗಂಡನ ಬಾಯಿ ಕಟ್ಟಿತು.

"ಅಂವಾ ನಂಬ್ತಾನೇನು ವೈನಿ?"

"ನಂಬೂದು ಬಿಡೂದು ಅವರ ಕೆಲಸ. ಹಗ್ಗಾ ಕೊಡೂದು ನಿಮ್ಮ ಕೆಲಸ." ಆಮೇಲೆ ದನಿ ಇಳಿಸಿದಳು. "ಉಣ್ಣೂದ ಬಿಟ್ಟಾರ್ರೀ. ಅರ್ಧಾ ರೊಟ್ಟಿ ತಿಂತಾರ, ಅರ್ಧಾ ಕಾಗಿಗೆ ಹಾಕ್ತಾರ. ಹಿಂಗ ಕಟ್ಟೀ ಮ್ಯಾಲ ಕುಂತ್ರ ಈ ಮನಿಶ್ಯಾ ಮುಂದಿನ ಹಂಗಾಮ ನೋಡಾಂಗಿಲ್ಲ. ಸಂತಿಗೆ ಹೋಗಲಾರದ ಇವರು ಬದುಕಾವ್ರಲ್ಲ."

ನಾನು ಕೆಲಸಕ್ಕೆ ಕೂತೆ. ಹೇಳಿಕೊಳ್ಳಬಾರದು, ಆದರೆ ಹಗ್ಗವನ್ನು ಚೆನ್ನಾಗಿಯೇ ಮುದಿ ಮಾಡಿದೆ. ಕುಸುಬಿ ಎಣ್ಣೆ ಸವರಿದೆ, ಬೂದಿ ಉಜ್ಜಿದೆ, ತುದಿಯನ್ನು ಕಲ್ಲಿಗೆ ತಿಕ್ಕಿ ಎಳೆ ಬಿಡಿಸಿದೆ. ಕೆಂಪು ಗೊಂಡೆಯೊಂದನ್ನು ಬಿಸಿಲಿಗಿಟ್ಟು ಬಣ್ಣ ಇಳಿಸಿ ಕಟ್ಟಿದೆ. ಮೈಯ ಜಿಡ್ಡು ಕೂಡಲೆಂದು ಪಕ್ಕದ ಮನೆಯ ಎತ್ತಿನ ಕೊರಳಿಗೆ ವಾರದ ಮಟ್ಟಿಗೆ ಕಟ್ಟಿಸಿದೆ. ಅಂಗಡಿಗೆ ಬಂದ ಗಿರಾಕಿಯೊಬ್ಬ ಅದನ್ನು ನೋಡಿ, "ಇಂಥಾ ಹಗ್ಗಾನೂ ಮಾರ್ತೀರೇನು?" ಎಂದು ಅಪಮಾನ ಮಾಡಿದ. ನನಗೆ ಖುಷಿಯಾಯಿತು.

ಅಷ್ಟರಲ್ಲಿ ಭಾಗವ್ವ ಮರಿಯನ್ನೂ ಗೊತ್ತು ಮಾಡಿದ್ದಳು. ಸಂತೆಯ ಹಿಂದೆ ಈರಪ್ಪನ ಚಹಾದ ಅಂಗಡಿ ಇದೆ. ಅಲ್ಲಿ ಕಟ್ಟಿಗೆಯ ರಾಶಿಯ ಕೆಳಗೆ ಬೀದಿನಾಯಿಯೊಂದು ಮರಿ ಹಾಕಿತ್ತು. ಬೇರೆ ಮರಿಗಳನ್ನೆಲ್ಲ ಜನ ಒಯ್ದಿದ್ದರು. ಉಳಿದದ್ದು ಕರಿಯ ಬಣ್ಣದ, ಮುಂಗಾಲು ಎರಡೂ ಸುಣ್ಣದಲ್ಲಿ ಅದ್ದಿದಂತಿದ್ದ ಒಂದು ಹೆಣ್ಣು ಮರಿ. ಹೆಣ್ಣೆಂದು ಯಾರೂ ಮುಟ್ಟಿರಲಿಲ್ಲ.

ಗೊತ್ತು ಮಾಡಿಕೊಂಡ ದಿನ ನಾನು ಚಹಾ ಕುಡಿಯುವ ನೆಪದಲ್ಲಿ ಶಿದ್ರಾಮಪ್ಪನ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತೆ. ಭಾಗವ್ವ ಒಳಗಿನಿಂದ ಹಗ್ಗ ತಂದು ಗಂಡನ ಮುಂದಿಟ್ಟು, ಕಲಿತ ಪಾಠವನ್ನು ಒಪ್ಪಿಸಿದಳು. ವಾಂತಿ, ಹೊಲಸು, ಬೇರೆ ಹಗ್ಗ, ಎಲ್ಲ ಸರಿಯಾಗಿಯೇ ಹೇಳಿದಳು. ಕೊನೆಗೆ, "ಇಷ್ಟ ದಿನಾ ಹೇಳಬೇಕಂದ್ರ ನೆನಪ ಆಗಿದ್ದಿಲ್ಲ" ಎಂದು ಸೇರಿಸಿದಳು. ಅದೊಂದು ಹೆಚ್ಚಾಯಿತು.

ಶಿದ್ರಾಮಪ್ಪ ಹಗ್ಗ ಎತ್ತಿಕೊಂಡ. ತೂಗಿದ. ಗೊಂಡೆ ಮುಟ್ಟಿದ. ಅವನ ಮುಖ ಒಮ್ಮೆ ಸಡಿಲಾಯಿತು. ನಂಬಿಯೇಬಿಟ್ಟನೆಂದು ನನಗೆ ಅನಿಸಿತು. ಆಮೇಲೆ ಹಗ್ಗವನ್ನು ಮೂಗಿಗೆ ಹಿಡಿದ.

"ಎತ್ತಿನ ವಾಸನಿ ಐತಿ" ಎಂದ. "ನಾಯೀದು ಇಲ್ಲ."

ಭಾಗವ್ವ ನನ್ನತ್ತ ನೋಡಿದಳು. ನಾನು ಚಹಾದ ಕಪ್ಪಿನೊಳಗೆ ನೋಡಿದೆ.

ಅವನು ಹುರಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ಬಿಚ್ಚಿದ. ಹೊರಗಿನ ಎಳೆ ಕಪ್ಪಗಿತ್ತು. ಒಳಗಿನ ಎಳೆ ಈಗಷ್ಟೇ ಹಿಂಜಿದ ಹತ್ತಿಯ ಹಾಗೆ ಬೆಳ್ಳಗೆ ಹೊಳೆಯಿತು. ಅಲ್ಲಿಗೆ ನನ್ನ ಒಂದು ವಾರದ ಕಸಬು ಮುಗಿಯಿತು.

"ಹೊರಗ ಮುಪ್ಪು, ಒಳಗ ಹರೇ" ಎಂದ ಶಿದ್ರಾಮಪ್ಪ. "ಯಾರ ಮಾಡಿದ್ದು ಸಾವಕಾರ? ನೀನ ಹೌದಿಲ್ಲೋ?"

"ಗಿರಾಕಿ ಕೇಳಿದ್ಲು, ಮಾಡಿಕೊಟ್ಟೆ" ಎಂದೆ.

ಅವನು ಆ ಬಿಳಿ ಎಳೆಯನ್ನು ಮತ್ತೊಮ್ಮೆ ನೋಡಿದ. ಭಾಗವ್ವ ಸೆರಗಿನ ತುದಿಯನ್ನು ಹಿಂಡುತ್ತ ನಿಂತಿದ್ದಳು. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು. ನಗು ಅಲ್ಲಿಂದ ಮೇಲೆ ಬಂದು, ಕೆಮ್ಮಾಗಿ, ಕಣ್ಣಲ್ಲಿ ನೀರು ಬರುವವರೆಗೂ ಹೋಯಿತು.

"ನಾ ಹುಟ್ಟಿದಾಗಿಂದ ಹಳೇದಕ್ಕ ಹೊಸಾ ಬಣ್ಣಾ ಹಚ್ಚಾವ್ರನ್ನ ನೋಡೇನಿ. ಹೊಸಾದಕ್ಕ ಹಳೇ ಬಣ್ಣಾ ಹಚ್ಚಿದವರನ್ನ ಇವತ್ತ ನೋಡಿದೆ. ಅದೂ ನನ್ನ ಮನ್ಯಾಗ!"

"ನಗೂದ ಆಮ್ಯಾಲ ನಗ್ರಿ" ಎಂದು ಭಾಗವ್ವ ಒಳಗೆ ಹೋದಳು. ಬುಟ್ಟಿ ತಂದು ಕಟ್ಟೆಯ ಮೇಲಿಟ್ಟಳು. ಬುಟ್ಟಿಯೊಳಗಿಂದ ಕರಿಯ ಮರಿ ತಲೆ ಎತ್ತಿತು. ಬಣ್ಣ ಬಯಲಾದ ಮೇಲೆ ಸರಕು ಮುಚ್ಚಿಟ್ಟು ಫಲವಿಲ್ಲವೆಂದು ಆಕೆಗೂ ಗೊತ್ತಿತ್ತು.

ಶಿದ್ರಾಮಪ್ಪನ ಕೈ ಅಭ್ಯಾಸಬಲದಿಂದ ಅದರ ಹಣೆಗೆ ಹೋಯಿತು. "ಎರಡ ಸುಳಿ. ಹಣೀ ಮ್ಯಾಲ ಎರಡ ಸುಳಿ ಅಂದ್ರ ಮನಿ ಮುರಿಯೂದು."

"ನಿಮ್ಮ ನೆತ್ತೀ ಮ್ಯಾಲ ಎರಡ ಅದಾವ. ಎರಡ ಲಗ್ನ ಮಾಡ್ಕೊಂತಾನಂತ ನಮ್ಮಪ್ಪ ಹೆಣ್ಣ ಕೊಡಾಕ ಹಿಂದ ಮುಂದ ನೋಡಿದ್ದ. ಎಲ್ಲೈತಿ ಎರಡನೇ ಲಗ್ನ?"

"ಇನ್ನೂ ವ್ಯಾಳ್ಯಾ ಐತಿ" ಎಂದ ಶಿದ್ರಾಮಪ್ಪ.

"ಯಾರ ಕೊಡ್ತಾರ ನಿಮಗ? ಬಾಯಿಗೂಡಿದ ಎತ್ತ!"

ಮರಿ ಬುಟ್ಟಿಯಿಂದ ಹೊರಬೀಳಲು ಹೋಗಿ ಮೂತಿ ಮೊದಲಾಗಿ ಅವನ ತೊಡೆಯ ಮೇಲೆ ಬಿತ್ತು. ಅವನು ಅದರ ತುಟಿ ಎತ್ತಿದ, ಹಲ್ಲು ನೋಡಿದ. ಈ ಸಲ ಐಬು ಹುಡುಕುವವನ ಹಾಗೆ ನೋಡಲಿಲ್ಲ. ಒಂದೊಂದೇ ಹಲ್ಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ನೋಡಿದ. ಅಕ್ಕಿಕಾಳಿನಂಥ ಹಲ್ಲು. ಅದು ಬೆರಳು ಕಚ್ಚಿತು. ಅವನು ಬಿಡಿಸಿಕೊಳ್ಳಲಿಲ್ಲ.

"ಹಗ್ಗಾ ಮಾತ್ರ ಸುಳ್ಳು" ಎಂದ, ಯಾರಿಗೆಂದಲ್ಲ.

ಆಗ ನಾನು ಬಾಯಿ ಹಾಕಿದೆ. "ಶಿದ್ರಾಮಣ್ಣ, ಸಂತೀ ಕಾನೂನ ನೀನ ಹೇಳ್ತಿದ್ದಿ. ಕೊಳ್ಳೂ ಮುಂದ ಕಣ್ಣಿಗೆ ಕಂಡ ಐಬಿಗೆ ಆಮ್ಯಾಲ ತಕರಾರಿಲ್ಲ. ಹಗ್ಗದ ಐಬು ಕಂಡಿ. ಮರೀ ಐಬು ಕಂಡಿ. ಇನ್ನ ಮಾತ ಮುಗಸು."

ಅವನು ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹೊದಿಸಿಕೊಂಡು, ಆ ಕೈಯನ್ನು ಭಾಗವ್ವನತ್ತ ಚಾಚಿದ.

ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಹೇಳುತ್ತಾರೆ, ಸುತ್ತ ನಿಂತವರಿಗೆ ತಿಳಿಯದಿರಲೆಂದು. ಇಷ್ಟು ವರ್ಷ ದಲ್ಲಾಳಿಯ ಹೆಂಡತಿಯಾಗಿಯೂ ಭಾಗವ್ವ ಆ ಟವೆಲ್ಲನ್ನು ಒಗೆದವಳೇ ಹೊರತು ಒಳಗೆ ಕೈ ಹಾಕಿದವಳಲ್ಲ.

"ಏ, ಇದೇನ್ರಿ, ಸಾವಕಾರ್ರ ಮುಂದ..."

"ಹಿಡೀ ಬೇ. ಮಾಲ ತಂದಾಕಿ ನೀ. ನೀನ ಬೆಲಿ ಹೇಳಬೇಕು."

ಆಕೆ ಕೈ ಒರೆಸಿಕೊಂಡು ಟವೆಲ್ಲಿನ ಕೆಳಗೆ ಹಾಕಿದಳು. ಒಳಗೆ ಏನೋ ಹಿಡಿಯಿತು, ಏನೋ ಬಿಟ್ಟಿತು. ಅವನು ತಲೆ ಅಲ್ಲಾಡಿಸಿದ. ಆಕೆ ಇನ್ನಷ್ಟು ಬಿಗಿ ಹಿಡಿದಳೆಂದು ಟವೆಲ್ಲಿನ ಮಡಿಕೆಯಿಂದ ತಿಳಿಯಿತು. ಅವನು "ಹೂಂ" ಎಂದ. ಆಕೆ ಬಿಡಲಿಲ್ಲ. ಇನ್ನೊಂದು "ಹೂಂ" ಬಂದ ಮೇಲೆ ಬಿಟ್ಟಳು. ಏನು ಮಾತಾಯಿತೋ ನನಗೆ ಗೊತ್ತಾಗಲಿಲ್ಲ. ಟವೆಲ್ ಇರುವುದೇ ಅದಕ್ಕೆ.

ಆದರೂ ಒಂದು ಕರಾರು ತಾನಾಗಿಯೇ ಹೊರಬಿತ್ತು. ಮುಂದಿನ ಸಂತೆಯ ಬೆಳಿಗ್ಗೆ ಶಿದ್ರಾಮಪ್ಪ ಒಗೆದ ಅಂಗಿ ಹಾಕಿಕೊಂಡು ನನ್ನ ಅಂಗಡಿಯ ಮುಂದೆ ಹಾದುಹೋದ. ಕೈಚೀಲದಿಂದ ಕರಿಯ ತಲೆಯೊಂದು ಇಣುಕುತ್ತಿತ್ತು. ಕೊರಳಲ್ಲಿ ನನ್ನ ಸುಳ್ಳು ಹಗ್ಗ, ಮರಿಗೆ ದೊಡ್ಡದಾಗಿ ಎರಡು ಸುತ್ತು ಬಂದಿತ್ತು. ಹೆಸರೇನೆಂದು ಕೇಳಿದೆ. "ಇನ್ನೂ ಇಟ್ಟಿಲ್ಲ. ನಿಂದರಲಿ ನೋಡೂಣು" ಎಂದ. ಹೆಸರಿಡುವ ಕೆಲಸ ಭಾಗವ್ವ ಆಗಲೇ ಮುಗಿಸಿದ್ದಳೆಂದು ನನಗೆ ಗೊತ್ತಿತ್ತು. ಬೆಣ್ಣಿ ಎಂದು ಕರೆಯುತ್ತಿದ್ದಳು, ಕರಿಯ ನಾಯಿಗೆ.

ಸಂತೆಯಲ್ಲಿ ಸಂಜಯ ಒಂದು ಬಿಳಿ ಹೋರಿಯನ್ನು ನೋಡಿಟ್ಟುಕೊಂಡು ಕಾಯುತ್ತಿದ್ದ. ಶಿದ್ರಾಮಪ್ಪ ಹಲ್ಲು ನೋಡಿದ, ಸುಳಿ ನೋಡಿದ. ಆಮೇಲೆ ಮರಿಯನ್ನು ಚೀಲದಿಂದ ಇಳಿಸಿ ಹೋರಿಯ ಮುಂದೆ ಬಿಟ್ಟ. ಜನ ಸೇರಿತು. ಮರಿ ಹೋರಿಯನ್ನು ಬುಡದಿಂದ ಕೋಡಿನವರೆಗೂ ನೋಡಿತು, ನಿಂತಲ್ಲೇ ಉಚ್ಚೆ ಹೊಯ್ದಿತು, ಓಡಿಬಂದು ಶಿದ್ರಾಮಪ್ಪನ ಧೋತರದೊಳಗೆ ಸೇರಿಕೊಂಡಿತು.

"ಕಾಕಾ, ಇದಕ್ಕ ಏನ ಅರ್ಥ?" ಸಂಜಯ ಕೇಳಿದ. "ಹೋರಿ ಒದೀತೈತೋ ಇಲ್ಲೋ?"

"ಹೋರೀದು ನನಗ ಗೊತ್ತಿಲ್ಲ" ಎಂದ ಶಿದ್ರಾಮಪ್ಪ, ಬಗ್ಗಿ ಮರಿಯನ್ನು ಬಿಡಿಸಿಕೊಳ್ಳುತ್ತ. "ಮರಿ ಮಾತ್ರ ಶಾಣೇದ ಐತಿ."

ಹೋರಿಯ ವ್ಯಾಪಾರ ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಮಾರಿದವನು ತನ್ನ ಹಗ್ಗ ಬಿಚ್ಚಿಕೊಂಡು ಹೋದ. ಸಂಜಯ ಹೊಸ ಹಗ್ಗಕ್ಕೆ ನನ್ನ ಅಂಗಡಿಗೆ ಬಂದ.